ಗಾಜಿನ ಆಚೆ ಕೂತ ವಿದ್ವಾಂಸ: ಬಾಲಮುರಳಿಯವರ ನೌಕರಿಯ ದಿನಗಳು

(ಸಂಗೀತ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಹಾಡಿ ತೋರಿಸಿದ ಕಡೆ ವಿವರಣೆಯನ್ನಷ್ಟೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಕರ್ನಾಟಕ ಸಂಗೀತದ ಗಾಯಕ ಮಂಗಳಂಪಳ್ಳಿ ಬಾಲಮುರಳಿಕೃಷ್ಣ ಅಂದರೆ ನಿಮಗೆ ಏನೇನು ನೆನಪಾಗುತ್ತದೆ ಅಂತ ಊಹಿಸಬಲ್ಲೆ. ಮೂರು ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಕಂಠ, ಕದನಕುತೂಹಲ ರಾಗದ ತಿಲ್ಲಾನ, ರೇಷ್ಮೆ ಜುಬ್ಬ, ಆ ನಗು. ಅದರ ಬಗ್ಗೆ ಮಾತಾಡುವುದಕ್ಕೆ ನನಗಿಂತ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಇವತ್ತು ಅವರ ನೌಕರಿಯ ಬಗ್ಗೆ ಮಾತಾಡುತ್ತೇನೆ. ತಿಂಗಳ ಸಂಬಳ, ಹಾಜರಿ ಪುಸ್ತಕ, ಮೇಲಧಿಕಾರಿ, ಫೈಲು, ಇವೆಲ್ಲ ಇರುವ ನೌಕರಿ. ಬಾಲಮುರಳಿ ಆಕಾಶವಾಣಿಯಲ್ಲಿ ಪ್ರೊಡ್ಯೂಸರ್ ಆಗಿದ್ದರು. ವಿಜಯವಾಡದ ಸರ್ಕಾರಿ ಸಂಗೀತ ಕಾಲೇಜಿಗೆ ಮೊದಲ ಪ್ರಿನ್ಸಿಪಾಲ್ ಆಗಿದ್ದರು. ಅವರ ಜೀವನ ಚರಿತ್ರೆ ಹೇಳುವವರು ಈ ಎರಡನ್ನೂ ಒಂದು ವಾಕ್ಯದಲ್ಲಿ ಮುಗಿಸಿ ಪ್ರಶಸ್ತಿಗಳ ಪಟ್ಟಿಗೆ ಹೋಗಿಬಿಡುತ್ತಾರೆ. ಬಹಳ ವರ್ಷ ರೇಡಿಯೊದಲ್ಲೇ ಕೆಲಸ ಮಾಡಿದವನಾದ್ದರಿಂದ ಆ ಒಂದು ವಾಕ್ಯ ನನ್ನನ್ನು ಬಿಡುವುದಿಲ್ಲ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1930ರ ಜುಲೈ 6, ಆಗಿನ ಪೂರ್ವ ಗೋದಾವರಿ ಜಿಲ್ಲೆಯ ಶಂಕರಗುಪ್ತಂ. ತಂದೆ ಪಟ್ಟಾಭಿರಾಮಯ್ಯ ಕೊಳಲು ನುಡಿಸುತ್ತಿದ್ದರು, ತಾಯಿ ಸೂರ್ಯಕಾಂತಮ್ಮ ವೀಣೆ. ಮಗು ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಗುರುಗಳು ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು, ತ್ಯಾಗರಾಜರ ನೇರ ಶಿಷ್ಯಪರಂಪರೆಯವರು. ಹುಡುಗ ಎಂಟು ವರ್ಷಕ್ಕೆ ವಿಜಯವಾಡದಲ್ಲಿ ಸಂಗೀತ ಕಛೇರಿ ಮಾಡಿದ. ಅದನ್ನು ಕೇಳಿದ ಹರಿಕಥೆ ವಿದ್ವಾಂಸರೊಬ್ಬರು ಮುರಳಿಕೃಷ್ಣನ ಹಿಂದೆ ‘ಬಾಲ’ ಸೇರಿಸಿದರು. ಮೀಸೆ ಮೂಡುವ ಹೊತ್ತಿಗೆ ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲೂ, ಅಂದರೆ ಮೂಲ ರಾಗಗಳಲ್ಲೂ, ಕೃತಿ ರಚನೆಗೆ ಕೈ ಹಾಕಿಯಾಗಿತ್ತು. ಪಿಟೀಲು, ವಯೋಲ, ಮೃದಂಗ, ಖಂಜಿರ ಎಲ್ಲವೂ ಕೈವಶ. ಇಂಥ ಹುಡುಗರ ಕಥೆ ಸಾಮಾನ್ಯವಾಗಿ ಮುಂದೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು: ಮದ್ರಾಸು, ಸಭೆ, ಡಿಸೆಂಬರ್ ಸೀಸನ್ನು. ಇಲ್ಲಿ ನಡುವೆ ರೇಡಿಯೊ ಬಂತು.

ಆಕಾಶವಾಣಿಯ ವಿಜಯವಾಡ ನಿಲಯ ಶುರುವಾದದ್ದು 1948ರ ಡಿಸೆಂಬರ್ 1ರಂದು. ಆಗಿನ ಪರಿಸ್ಥಿತಿ ಸ್ವಲ್ಪ ನೆನೆಸಿಕೊಳ್ಳಿ. ಅರಮನೆಗಳು, ಜಮೀನ್ದಾರರು ಕಲಾವಿದರನ್ನು ಸಾಕುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಟಿಕೆಟ್ಟು ಕೊಂಡು ಬರುವ ಕೇಳುಗರನ್ನೇ ನಂಬಿ ಬದುಕುವಷ್ಟು ಸಭೆಗಳು ಮದ್ರಾಸಿನ ಆಚೆ ಎಲ್ಲಿದ್ದವು? ವಿದ್ವಾಂಸರಿಗೆ ತಿಂಗಳ ಕೊನೆಯಲ್ಲಿ ಸಂಬಳ ಕೊಡುವ ದೊಡ್ಡ ಜಾಗ ಆಕಾಶವಾಣಿ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಚಿತ್ರಗೀತೆಯನ್ನು ಆಕಾಶವಾಣಿಯಿಂದ ದೂರ ಇಟ್ಟರು ಅಂತ ಅವರನ್ನು ಇವತ್ತಿಗೂ ಬೈಯುತ್ತಾರೆ, ಬೈಯಲಿ. ಕೇಳುಗರು ರೇಡಿಯೊ ಸಿಲೋನಿಗೆ ಗುಳೆ ಹೋದರು ಅನ್ನುವುದೂ ನಿಜ. ಆದರೆ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು, ದೆಹಲಿಯಲ್ಲಿ ವಾದ್ಯವೃಂದ ಕಟ್ಟಿದ್ದು, ಸುಗಮ ಸಂಗೀತಕ್ಕೆ ನಿಲಯಗಳಲ್ಲಿ ಜಾಗ ಸಿಕ್ಕಿದ್ದು, ಸಾಹಿತಿಗಳನ್ನೂ ಸಂಗೀತಗಾರರನ್ನೂ ಕರೆದು ಪ್ರೊಡ್ಯೂಸರ್ ಕುರ್ಚಿಯಲ್ಲಿ ಕೂರಿಸಿದ್ದು ಎಲ್ಲ ಅದೇ ಕಾಲದಲ್ಲಿ. ರವಿಶಂಕರ್ ದೆಹಲಿಯಲ್ಲಿ ಆ ವಾದ್ಯವೃಂದ ನಡೆಸಿದರು. ವೀಣೆಯ ಈಮನಿ ಶಂಕರಶಾಸ್ತ್ರಿಗಳೂ ಅದೇ ದಾರಿ ಹಿಡಿದರು. ನಮ್ಮವರನ್ನೇ ತಗೊಳ್ಳಿ. ವೀಣೆ ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ವರ್ಷಗಟ್ಟಲೆ ದುಡಿದರು. ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿ ರೆಕಾರ್ಡ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದು, ಆಮೇಲೆ ಧಾರವಾಡ ಆಕಾಶವಾಣಿಯ ಸಲಹೆಗಾರರಾಗಿ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೂ ಹೋದರು. ಒಂದು ಇಡೀ ತಲೆಮಾರೇ ಹೀಗೆ ಕಛೇರಿಯಿಂದ ಸ್ಟುಡಿಯೊಗೆ, ಸ್ಟುಡಿಯೊದಿಂದ ತರಗತಿಗೆ ನಡೆದು ಹೋಯಿತು. ಬಾಲಮುರಳಿ ಅವರಲ್ಲಿ ಒಬ್ಬರು.

ಪ್ರೊಡ್ಯೂಸರ್ ಅಂದರೆ ಏನು ಮಾಡುತ್ತಾರೆ? ಸಿನಿಮಾದ ನಿರ್ಮಾಪಕರ ಹಾಗೆ ದುಡ್ಡು ಹಾಕುವವರಲ್ಲ. ಮುಂದಿನ ಮೂರು ತಿಂಗಳಿಗೆ ಯಾರಿಂದ ಏನು ಹಾಡಿಸಬೇಕು ಅಂತ ಪಟ್ಟಿ ಮಾಡುವವರು, ಕವಿಯ ಮನೆಗೆ ಹೋಗಿ ಸಾಹಿತ್ಯ ತರುವವರು, ಅದಕ್ಕೆ ರಾಗ ಹಾಕುವವರು, ಗುಂಪಿಗೆ ಕಲಿಸುವವರು, ಕೊನೆಗೆ ಗಾಜಿನ ಆಚೆ ಕೂತು ಕೇಳುವವರು. ಈ ಕೊನೆಯ ಕೆಲಸ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಮೈಕಿನ ಈಚೆ ಮಾತ್ರ ಕೂತವರು.

ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತಿತು ಅನ್ನಿ. ಗಾಯಕಿ ಹಾಡುತ್ತಿದ್ದಾರೆ, ನೀವು ಗಾಜಿನ ಈ ಕಡೆ. ಆಕೆಯ ಕೈ ತಾಳ ನಿಮಗೆ ಕಾಣುತ್ತದೆ, ಕೇಳಿಸುವುದು ಮಾತ್ರ ಸ್ಪೀಕರಿನಿಂದ ಬಂದದ್ದು. ಕಛೇರಿಯಲ್ಲಿ ಗಮಕ ಹಾಕುವಾಗ, ಅಂದರೆ ಸ್ವರವನ್ನು ತೂಗಿಸುವಾಗ, ತಲೆ ಆಡಿಸುತ್ತೇವಲ್ಲ, ಅಲ್ಲಿ ಅದು ಚೆಂದ. ಇಲ್ಲಿ ತಲೆ ಆಡಿಸಿದ ಕೂಡಲೇ ಬಾಯಿ ಮೈಕಿನಿಂದ ಆಚೆ ಹೋಗುತ್ತದೆ, ಮೀಟರಿನ ಮುಳ್ಳು ಬೀಳುತ್ತದೆ, ಗಮಕದ ಅರ್ಧ ಗಾಳಿಗೆ. ಪಕಾರ ಬಂದ ಕಡೆಯೆಲ್ಲ ‘ಪಫ್’ ಅಂತ ಉಸಿರು ಮೈಕಿಗೆ ಬಡಿಯುತ್ತದೆ. ತಾರಸ್ಥಾಯಿಯಲ್ಲಿ ಕೂಗಿದರೆ ಸಭೆಯಲ್ಲಿ ಚಪ್ಪಾಳೆ ಬರಬಹುದು, ಇಲ್ಲಿ ಧ್ವನಿ ಒಡೆದು ಎಂಜಿನಿಯರು ಕೈ ಎತ್ತುತ್ತಾನೆ. ತಂಬೂರಿ ಎಲ್ಲಿಡಬೇಕು, ಮೃದಂಗದ ಬಲದ ಮುಖ ಯಾವ ಕಡೆ ತಿರುಗಿರಬೇಕು ಅನ್ನುವುದಕ್ಕೇ ಅರ್ಧ ಬೆಳಗ್ಗೆ ಹೋಗುತ್ತದೆ. ಟೇಪು ಬಂದ ಮೇಲೆ ಇನ್ನೊಂದು ಪಾಠ. ಕಾಲಿಂಚು ಅಗಲದ ಸ್ಪೂಲ್ ಟೇಪನ್ನು ಕೈಯಿಂದ ಹಿಂದೆ ಮುಂದೆ ಎಳೆದು, ಕೆಮ್ಮು ಎಲ್ಲಿ ಶುರುವಾಯಿತು ಅಂತ ಕಿವಿಯಿಂದ ಹುಡುಕಿ, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಒಂದು ಸಂಗತಿಯ, ಅಂದರೆ ಹಾಡಿನ ಸಾಲನ್ನು ಬದಲಿಸಿ ಹಾಡುವ ಒಂದು ವರಸೆಯ, ಕೊನೆಯ ಸ್ವರದ ಬಾಲ ಎಷ್ಟುದ್ದ ಇದೆ ಅನ್ನುವುದು ಟೇಪು ಕತ್ತರಿಸಿದವನಿಗೆ ಗೊತ್ತಾಗುವ ಹಾಗೆ ಹಾಡಿದವನಿಗೂ ಗೊತ್ತಾಗುವುದಿಲ್ಲ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ, ಕ್ಷಮಿಸಿ.

ಈಗ ಬಾಲಮುರಳಿಯವರ ಯಾವುದಾದರೂ ಧ್ವನಿಮುದ್ರಣ ಹಾಕಿಕೊಂಡು ಕೇಳಿ. ಅಕ್ಷರ ಒಂದೊಂದೂ ಸ್ಪಷ್ಟ. ಬಲ ಹಾಕಿ ಎಳೆಯುವುದಿಲ್ಲ. ಮಂದ್ರಕ್ಕೆ ಇಳಿದಾಗ ಧ್ವನಿ ತೆಳುವಾಗುವುದಿಲ್ಲ, ಇನ್ನೂ ಹತ್ತಿರ ಬರುತ್ತದೆ. ಮೈಕು ಇಲ್ಲದ ಸಭೆಯಲ್ಲಿ ಕೊನೆಯ ಸಾಲಿಗೆ ಮುಟ್ಟಿಸಬೇಕು ಅಂತ ಬೆಳೆದ ಕಂಠಗಳಿಗೂ ಇದಕ್ಕೂ ಇರುವ ದೂರ ನೋಡಿ. ದೇವರು ಕೊಟ್ಟ ಕಂಠ ಅಂತ ಎಲ್ಲರೂ ಹೇಳುತ್ತಾರೆ. ದೇವರ ಪಾಲು ದೇವರಿಗಿರಲಿ. ರೇಡಿಯೊದ ಪಾಲೂ ಸ್ವಲ್ಪ ಇದೆ ಅಂತ ನನ್ನ ವಾದ.

ಇನ್ನು ‘ಭಕ್ತಿರಂಜನಿ’ಗೆ ಬರೋಣ. ತೆಲುಗು ಸೀಮೆಯ ಹಿರಿಯರನ್ನು ಕೇಳಿದರೆ, ಬೆಳಗಾಗುವುದು ಅಂದರೆ ಭಕ್ತಿರಂಜನಿ ಕೇಳುವುದು ಅನ್ನುತ್ತಾರೆ. ವಿಜಯವಾಡ ನಿಲಯದ ಈ ಬೆಳಗಿನ ಕಾರ್ಯಕ್ರಮದ ಜೊತೆ ಬಾಲಾಂತ್ರಪು ರಜನೀಕಾಂತರಾಯರ ಹೆಸರೂ ಬಾಲಮುರಳಿಯವರ ಹೆಸರೂ ಒಟ್ಟೊಟ್ಟಿಗೆ ಬರುತ್ತವೆ. ಯಾರದು ಎಷ್ಟು ಪಾಲು ಅಂತ ಅಳೆಯುವುದು ನನಗೆ ಬೇಡ. ರೇಡಿಯೊದಲ್ಲಿ ಯಾವ ಒಳ್ಳೆಯ ಕಾರ್ಯಕ್ರಮವೂ ಒಬ್ಬರದಲ್ಲ. ಆ ನಿಲಯದ ಬಳಗ ನೋಡಿ: ವೋಲೇಟಿ ವೆಂಕಟೇಶ್ವರ್ಲು, ಶ್ರೀರಂಗಂ ಗೋಪಾಲರತ್ನಂ, ಪಿಟೀಲಿಗೆ ಅನ್ನವರಪು ರಾಮಸ್ವಾಮಿ. ಅನ್ನವರಪು ಅವರೂ ಪಾರುಪಲ್ಲಿ ಪಂತುಲು ಅವರ ಶಿಷ್ಯರೇ. ಇಷ್ಟು ಜನ ಒಂದೇ ಸೂರಿನಡಿ ಇದ್ದ ಕಾಲ ಅದು.

ಬೆಳಗಿನ ಹೊತ್ತು ಕೇಳುವವರು ಯಾರು? ಅಂಗಳ ಗುಡಿಸುತ್ತಿರುವವರು, ಕಾಫಿ ಸೋಸುತ್ತಿರುವವರು, ಹೊಲಕ್ಕೆ ಹೊರಟವರು. ಎದುರಿಗೆ ಕೂತು ತಾಳ ಹಾಕುವವರಲ್ಲ. ಅವರ ಮುಂದೆ ರಾಗಾಲಾಪನೆಗೆ ಇಪ್ಪತ್ತು ನಿಮಿಷ ಸಿಗುವುದಿಲ್ಲ. ನಾಲ್ಕೈದು ನಿಮಿಷದಲ್ಲಿ ರಾಗದ ಮುಖ ತೋರಿಸಬೇಕು, ಸಾಹಿತ್ಯ ಕಿವಿಗೆ ಬೀಳಬೇಕು, ಮಾರನೆಯ ದಿನ ಅವರು ಗುನುಗುವ ಹಾಗಿರಬೇಕು. ಆ ಲೆಕ್ಕಕ್ಕೆ ಸರಿಯಾಗಿ ಒದಗಿದವರು ಭದ್ರಾಚಲ ರಾಮದಾಸರು. ಹದಿನೇಳನೆಯ ಶತಮಾನದ ಕಂಚರ್ಲ ಗೋಪನ್ನ, ಗೋಲ್ಕೊಂಡದ ಸೆರೆಯಲ್ಲಿ ಕೂತು ರಾಮನನ್ನು ಬೇಡಿ, ಬೈದು, ಮುನಿಸಿಕೊಂಡು ಹಾಡಿದವರು. ನಮ್ಮ ದಾಸರ ಪದ ಕೇಳಿ ಬೆಳೆದವರಿಗೆ ಆ ಸಲುಗೆ ಹೊಸದಲ್ಲ. ಭಜನೆ ಗೋಷ್ಠಿಗಳಲ್ಲಿದ್ದ ಆ ಕೀರ್ತನೆಗಳು ಮನೆ ಮನೆ ತಲುಪುವುದಕ್ಕೆ ಬಾಲಮುರಳಿಯವರ ಹಾಡಿಕೆ ಬಹಳ ದೊಡ್ಡ ಕಾರಣ.

‘ಪಲುಕೇ ಬಂಗಾರಮಾಯೆನಾ’ ಒಂದನ್ನೇ ನೋಡೋಣ. (ಇಲ್ಲಿ ಪಲ್ಲವಿಯನ್ನು ಹಾಡಿ ತೋರಿಸಲಾಯಿತು.) ಆನಂದಭೈರವಿ. ಸಂಗತಿ ಹಾಕಬೇಕು ಅಂದರೆ ಈ ರಾಗದಲ್ಲಿ ದಾರಿ ಎಷ್ಟು ಬೇಕಾದರೂ ಇದೆ, ಅವರ ಗಂಟಲಿಗೆ ಅದೇನು ಕಷ್ಟವೂ ಅಲ್ಲ. ಆದರೆ ಪಲ್ಲವಿ ಎಷ್ಟು ಚಿಕ್ಕ ಜಾಗದಲ್ಲಿ ಓಡಾಡುತ್ತದೆ ನೋಡಿ. ಸಾಮಾನ್ಯ ಗಂಟಲಿನ ಯಾರು ಬೇಕಾದರೂ ಜೊತೆಗೆ ಹಾಡಬಹುದು. ‘ಕೋದಂಡಪಾಣಿ’ ಅನ್ನುವಲ್ಲಿ ಮಾತ್ರ ಸ್ವಲ್ಪ ಬಿಚ್ಚುತ್ತದೆ. ಇಷ್ಟು ಬಲ್ಲ ಗಾಯಕ ಇಷ್ಟೇ ಹಾಡುವುದಕ್ಕೆ ಒಪ್ಪಿಕೊಂಡಿದ್ದಾನಲ್ಲ, ಅದು ಪ್ರೊಡ್ಯೂಸರನ ಕಿವಿ.

ನನ್ನ ಮುಖ್ಯ ಮಾತಿಗೆ ಈಗ ಬಂದೆ. ಇಂಥ ಕಾರ್ಯಕ್ರಮದಲ್ಲಿ ಗುಂಪು ಹಾಡುತ್ತದೆ. ಗುರುವಿನ ಮನೆಯಲ್ಲಿ ಪಾಠ ಹೇಗೆ? ಗುರು ಹಾಡುತ್ತಾರೆ, ನೀವು ಹಾಡುತ್ತೀರಿ. ಗುರು ‘ಹ್ಞೂಂ, ಹಾಗಲ್ಲ’ ಅನ್ನುತ್ತಾರೆ. ಹೇಗೆ ಅಂತ ಹೇಳುವುದಿಲ್ಲ. ನೂರು ಸಲ ಹಾಡಿದ ಮೇಲೆ ಒಂದು ದಿನ ತಾನಾಗಿ ಕೂರುತ್ತದೆ. ಗುಂಪಿಗೆ ಕಲಿಸುವಾಗ ಇದು ನಡೆಯುವುದಿಲ್ಲ. ಎಂಟು ಜನ ಒಂದೇ ಸಂಗತಿ ಹಾಡಿದರೆ ಎಂಟು ಬಗೆಯ ಗಾಂಧಾರ, ಅಂದರೆ ‘ಗ’ ಸ್ವರ, ಬರುತ್ತದೆ. ಒಬ್ಬರ ಗುರು ಅದನ್ನು ಮಧ್ಯಮದಿಂದ ಇಳಿಸಿರುತ್ತಾರೆ, ಇನ್ನೊಬ್ಬರ ಗುರು ರಿಷಭದಿಂದ ಏರಿಸಿರುತ್ತಾರೆ. ಮಧ್ಯಾಹ್ನ ರೆಕಾರ್ಡಿಂಗ್ ಇದೆ. ಆಗ ಪ್ರೊಡ್ಯೂಸರ್ ಬಾಯಿ ಬಿಟ್ಟು ಹೇಳಲೇಬೇಕು: ಎಲ್ಲಿಂದ ಎತ್ತಿಕೊಳ್ಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎರಡು ತೂಗೋ ಮೂರೋ, ಉಸಿರು ಎಲ್ಲಿ. ಸ್ವರ ಹಾಕಿ ಬರೆದು ಕೊಡಬೇಕು. ತನಗೆ ಗೊತ್ತಿರುವುದು ತನಗೆ ಹೇಗೆ ಗೊತ್ತು ಅಂತ ತಾನೇ ಬಿಡಿಸಿ ನೋಡಿಕೊಳ್ಳಬೇಕು. ಹುಟ್ಟಾ ಪ್ರತಿಭೆ ಇದ್ದವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ಕೇಳಿದ ತಕ್ಷಣ ಬಂದುಬಿಟ್ಟಿರುತ್ತದೆ. ಹಾಗಾಗಿ ಬಾಲಮುರಳಿ ಮೇಷ್ಟರಾದದ್ದು ಕಾಲೇಜಿಗೆ ಬಂದ ಮೇಲೆ ಅಂತ ನಾನು ಒಪ್ಪುವುದಿಲ್ಲ. ರಿಹರ್ಸಲ್ ಕೋಣೆಯಲ್ಲೇ ಅದು ಶುರುವಾಗಿರಬೇಕು. ಅದೇ ನಿಲಯದಲ್ಲಿ ವೋಲೇಟಿಯವರು ‘ಸಂಗೀತ ಶಿಕ್ಷಣ’ ಅಂತ ರೇಡಿಯೊ ಪಾಠವನ್ನೇ ನಡೆಸಿದರು ಅನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಸಂಗೀತಕ್ಕೆ ಕಾಲೇಜು ಅನ್ನುವುದು ಆಂಧ್ರದಲ್ಲಿ ಆಗ ತೀರಾ ಹೊಸದೇನಲ್ಲ. ವಿಜಯನಗರಂನ ಮಹಾರಾಜರ ಸಂಗೀತ ಕಾಲೇಜು 1919ರಷ್ಟು ಹಳೆಯದು. ಅಲ್ಲಿ ಮೊದಲ ಪ್ರಿನ್ಸಿಪಾಲ್ ಹರಿಕಥೆಯ ಆದಿಭಟ್ಲ ನಾರಾಯಣದಾಸರು, ಅವರ ನಂತರ ಪಿಟೀಲಿನ ದ್ವಾರಂ ವೆಂಕಟಸ್ವಾಮಿ ನಾಯ್ಡು. ವಿಜಯವಾಡದ್ದು ಸರ್ಕಾರಿ ಕಾಲೇಜು. ಈಗ ಅದಕ್ಕೆ ಘಂಟಸಾಲರ ಹೆಸರಿದೆ. ಶಾಸ್ತ್ರೀಯ ಸಂಗೀತದ ಕಾಲೇಜಿಗೆ ಸಿನಿಮಾ ಹಾಡುಗಾರರ ಹೆಸರೇ ಅಂತ ಮೂಗು ಮುರಿಯುವವರು ನಿಮ್ಮಲ್ಲೂ ಇರಬಹುದು. ಘಂಟಸಾಲ ಆ ವಿಜಯನಗರಂ ಕಾಲೇಜಿನಲ್ಲೇ ಕಲಿತು ಬಂದವರು ಅಂತ ಅವರಿಗೆ ತಿಳಿಸಿ.

ಗುರುವಿನ ಮನೆಯಲ್ಲಿ ಕಲಿತವರು ಪಠ್ಯಕ್ರಮ ಇರುವ ಕಾಲೇಜಿಗೆ ಮುಖ್ಯಸ್ಥರಾಗುವುದು ಸುಲಭದ ಮಾತಲ್ಲ. ಗಂಟೆ ಹೊಡೆದರೆ ಹಾಡುತ್ತಿದ್ದ ತೋಡಿ ರಾಗ ನಿಲ್ಲಿಸಬೇಕು. ಪರೀಕ್ಷೆಗೆ ಇಷ್ಟು ವರ್ಣ, ಇಷ್ಟು ಕೃತಿ. ಹೀಗೆ ಕಲಿತವರಲ್ಲಿ ಕಛೇರಿಗೆ ಏರುವವರು ಕೆಲವೇ ಮಂದಿ. ಹೆಚ್ಚಿನವರು ಶಾಲೆಯಲ್ಲಿ, ಮನೆಯಲ್ಲಿ ಪಾಠ ಹೇಳುತ್ತಾರೆ, ಮದುವೆಯಾಗಿ ಹೋದ ಊರಲ್ಲಿ ನಾಲ್ಕು ಮಕ್ಕಳಿಗೆ ಸರಳೆ, ಜಂಟಿಯಂಥ ಮೊದಲ ಪಾಠ ಹೇಳಿಕೊಡುತ್ತಾರೆ. ಕಾಲೇಜು ದೊಡ್ಡ ವಿದ್ವಾಂಸರನ್ನು ಕೊಡಲಿಲ್ಲ ಅಂತ ಹಂಗಿಸುವುದು ನಮ್ಮಲ್ಲಿ ಒಂದು ಚಟ. ಆದರೆ ಸಭೆಯಲ್ಲಿ ರಾಗ ಗುರುತಿಸಿ ತಲೆದೂಗುವ ಜನ ಬಂದದ್ದು ಎಲ್ಲಿಂದ? ಆ ನಾಲ್ಕು ಮಕ್ಕಳಿಂದ.

ಅವರ ಹೊಸ ರಾಗಗಳ ಗಲಾಟೆಯನ್ನು ಮುಟ್ಟದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಜನ್ಯರಾಗಕ್ಕೆ, ಅಂದರೆ ಮೇಳಕರ್ತದಿಂದ ಹುಟ್ಟಿದ ರಾಗಕ್ಕೆ, ಕಡೆಯ ಪಕ್ಷ ಐದು ಸ್ವರ ಬೇಕು ಅನ್ನುವುದು ನಾವೆಲ್ಲ ಓದಿಕೊಂಡ ಲಕ್ಷಣ. ಅವರು ಲವಂಗಿ ಅಂತ ಹಾಡಿದರು: ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ, ಅಲ್ಲಿಗೆ ಮುಗಿಯಿತು. ಮಹತಿಯಲ್ಲೂ ನಾಲ್ಕೇ. ಸರ್ವಶ್ರೀಯಲ್ಲಿ ಇನ್ನೂ ಕಡಿಮೆ, ಸ ಮ ಪ. ವೀಣೆ ಎಸ್. ಬಾಲಚಂದರ್ ಕೆಂಡವಾದರು. ಇದು ರಾಗವೇ ಅಲ್ಲ, ನೀವು ಕಂಡುಹಿಡಿದದ್ದೂ ಅಲ್ಲ ಅಂತ ಬಹಿರಂಗವಾಗಿ ಕಾದಾಡಿದರು. ಲಕ್ಷಣದ ಜಗಳದಲ್ಲಿ ತೀರ್ಪು ಕೊಡಲು ನಾನು ಯಾರು? ನನಗೆ ಕಾಣುವುದು ಬೇರೆ. ಮೂರು ಸ್ವರದಲ್ಲಿ ಕೇಳುಗನನ್ನು ಹಿಡಿದಿಡಬಹುದೇ ಅನ್ನುವುದು ಸ್ಟುಡಿಯೊದಲ್ಲಿ ಏಳುವ ಪ್ರಶ್ನೆ. ಕಡಿಮೆ ಸಾಮಗ್ರಿ, ಕಡಿಮೆ ಹೊತ್ತು, ಕಾಣದ ಕೇಳುಗ. ಸರ್ವಶ್ರೀಯನ್ನು ಮುಕ್ಕಾಲು ಗಂಟೆ ವಿಸ್ತರಿಸಿ ಎಂದರೆ ಯಾರಿಗೂ ಆಗದು. ಐದು ನಿಮಿಷದ ಕೃತಿಯಾಗಿ ಕೇಳಿ, ಕೂತು ಕೇಳುವ ಹಾಗೇ ಇದೆ. ಅವರ ಎಲ್ಲ ಹೊಸ ರಾಗಗಳೂ ಬಾಳಿಲ್ಲ. ಇವತ್ತು ಕಛೇರಿಗಳಲ್ಲಿ ಲವಂಗಿ, ಮಹತಿ ಅಪರೂಪಕ್ಕೆ ಕೇಳುತ್ತೇವೆ, ಉಳಿದವು ಅದೂ ಇಲ್ಲ. ನನಗೆ ಅವಕ್ಕಿಂತ ಅವರ ಮೇಳಕರ್ತ ಕೃತಿಗಳೇ ದೊಡ್ಡ ಕೆಲಸ. ಎಪ್ಪತ್ತೆರಡರಲ್ಲಿ ನಲವತ್ತು ವಿವಾದಿ ಮೇಳಗಳು, ಅಂದರೆ ಒಂದಕ್ಕೊಂದು ಒಗ್ಗದ ಸ್ವರಗಳಿರುವವು, ಹಾಡಿದರೆ ದೋಷ ಅಂತ ಹೆದರಿ ದೂರವಿಟ್ಟವು. ಎಪ್ಪತ್ತೆರಡರಲ್ಲೂ ರಚಿಸಿದವರಲ್ಲಿ ಇವರೇ ಮೊದಲಿಗರಲ್ಲ, ಕೋಟೀಶ್ವರ ಅಯ್ಯರ್ ತಮಿಳಿನಲ್ಲಿ ಮಾಡಿದ್ದರು. ಆದರೆ ತಾವೇ ಬರೆದು, ತಾವೇ ಹಾಡಿ, ಧ್ವನಿಮುದ್ರಿಸಿ ಕ್ಯಾಸೆಟ್ಟುಗಳ ಸರಣಿಯಾಗಿ ಹೊರತಂದದ್ದು ಪಕ್ಕಾ ರೇಡಿಯೊ ಮನುಷ್ಯನ ಬುದ್ಧಿ: ಹೇಳಿದರೆ ಸಾಲದು, ಕೇಳಿಸಬೇಕು.

ಕನ್ನಡಕ್ಕೆ ಅವರು ಕೊಟ್ಟದ್ದನ್ನು ಎರಡು ಮಾತಲ್ಲಿ ಹೇಳುತ್ತೇನೆ. 1975ರ ‘ಹಂಸಗೀತೆ’ ಚಿತ್ರದಲ್ಲಿ ನಿರ್ದೇಶಕ ಜಿ.ವಿ. ಅಯ್ಯರ್ ಬಾಲಮುರಳಿಯವರಿಂದ ಹಾಡಿಸಿದರು. ಅದಕ್ಕೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. 1986ರ ‘ಮಧ್ವಾಚಾರ್ಯ’ಕ್ಕೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ. ಅವರ ಎರಡೂ ರಾಷ್ಟ್ರೀಯ ಚಿತ್ರ ಪ್ರಶಸ್ತಿ ಕನ್ನಡ ಚಿತ್ರಗಳಿಗೇ ಬಂದದ್ದು ಅಂತ ತೆಲುಗು ಗೆಳೆಯರಿಗೆ ಆಗಾಗ ನೆನಪಿಸುತ್ತಿರುತ್ತೇನೆ. ‘ಹಂಸಗೀತೆ’ಯ ‘ಹಿಮಾದ್ರಿಸುತೇ ಪಾಹಿಮಾಂ’ ಶ್ಯಾಮಾಶಾಸ್ತ್ರಿಗಳ ಕಲ್ಯಾಣಿ ರಾಗದ ಕೃತಿ. ಸಿನಿಮಾದಲ್ಲಿ ಅದನ್ನು ಹಾಡುವುದು ಅಂದರೆ ಸಿನಿಮಾ ಕೊಟ್ಟ ನಿಮಿಷಗಳಲ್ಲಿ, ಪಾತ್ರದ ಬಾಯಿಂದ, ಕೃತಿ ಕೃತಿಯಾಗೇ ಉಳಿಯುವ ಹಾಗೆ ಹಾಡುವುದು. ವರ್ಷಗಟ್ಟಲೆ ಗಡಿಯಾರದ ಕೆಳಗೆ ಹಾಡಿ, ಹಾಡಿಸಿ ಪಳಗಿದವರಿಗೆ ಅದು ಹೊಸ ಪರೀಕ್ಷೆಯಲ್ಲ.

ಹೈದರಾಬಾದ್, ಮದ್ರಾಸ್ ನಿಲಯಗಳಲ್ಲೂ ಕೆಲಸ ಮಾಡಿ, ಮದ್ರಾಸಿನಲ್ಲೇ ನೆಲೆ ನಿಂತರು. 2016ರ ನವೆಂಬರ್ 22ರಂದು ಅಲ್ಲೇ ತೀರಿಕೊಂಡರು. ಆ ವೇಳೆಗೆ ಪದ್ಮವಿಭೂಷಣ, ಸಂಗೀತ ಕಲಾನಿಧಿ, ಫ್ರೆಂಚ್ ಸರ್ಕಾರದ ಗೌರವ ಎಲ್ಲ ಬಂದಾಗಿತ್ತು. ಹಾಜರಿ ಪುಸ್ತಕದ ಮಾತು ಯಾವ ಶ್ರದ್ಧಾಂಜಲಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

(ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯವಿತ್ತು. ಒಂದನ್ನು ಇಲ್ಲಿ ಕೊಟ್ಟಿದೆ.)

‘ಸರ್, ಈಗ ರೇಡಿಯೊದಲ್ಲಿ ನಿಲಯದ ಕಲಾವಿದರ ಹುದ್ದೆಗಳೇ ಖಾಲಿಯಾಗುತ್ತಾ ಬಂದಿವೆ. ನಮಗೆ ಆ ತರಬೇತಿ ಎಲ್ಲಿ ಸಿಗುತ್ತೆ?’

ನೌಕರಿ ಸಿಗುವುದಿಲ್ಲ, ಸುಳ್ಳು ಹೇಳಲಾರೆ. ತರಬೇತಿಗೆ ನೌಕರಿ ಬೇಕಾಗಿಲ್ಲಮ್ಮ. ನಿಮ್ಮ ತರಗತಿಯಲ್ಲಿ ಬೇರೆ ಬೇರೆ ಗುರುಗಳ ಹತ್ತಿರ ಕಲಿತ ಐದು ಜನರನ್ನು ಸೇರಿಸಿ. ಒಂದು ದೇವರನಾಮ ತಗೊಳ್ಳಿ, ಎಲ್ಲರಿಗೂ ಬರುವಂಥದ್ದೇ ಇರಲಿ. ನಾಲ್ಕೂವರೆ ನಿಮಿಷಕ್ಕೆ ಒಂದು ಸೆಕೆಂಡು ಹೆಚ್ಚಾಗಬಾರದು ಅಂತ ಕಟ್ಟು ಮಾಡಿಕೊಳ್ಳಿ. ಒಬ್ಬರು ಹಾಡಬಾರದು, ಬಾಗಿಲ ಆಚೆ ಕೂತು ಹೆಡ್‌ಫೋನಿನಲ್ಲಿ ಮಾತ್ರ ಕೇಳಬೇಕು. ಅವರು ಹೇಳಿದ್ದನ್ನು ಉಳಿದವರು ಎದುರಾಡದೆ ಹಾಡಬೇಕು, ಮೊಬೈಲಿನಲ್ಲಿ ರೆಕಾರ್ಡ್ ಆಗಲಿ. ಮುಂದಿನ ವಾರ ಆಚೆ ಕೂರುವವರು ಬದಲಾಗಲಿ. ಮೊದಲ ದಿನವೇ ಗಾಂಧಾರದ ಜಗಳ ಶುರುವಾಗುತ್ತದೆ. ಜಗಳ ಜೋರಾದಾಗ ನನಗೊಂದು ಫೋನ್ ಮಾಡಿ, ಬಂದು ಕೂರುತ್ತೇನೆ. ಬ್ಲೇಡು ತರುವುದಿಲ್ಲ.